ಸ್ಯಾನಿಟೈಸರ್ ನೀರು ಬೆಳ್ಳಗಾದರೆ ಚೆಲ್ಲಬೇಕಾ?

ಪ್ರಶ್ನೆ: ನನ್ನಣ್ಣ ಕೆನಡಾದಲ್ಲಿ ಮನೆಯಲ್ಲೇ ಬಿಯರ್ ಮಾಡುತ್ತಾನೆ. ಇಲ್ಲಿ ನಾನು ಕೊಂಬುಚಾ (ಹುದುಗಿಸಿದ ಚಹಾ), ಶುಂಠಿ ಸೋಡಾ ಮಾಡುವುದು ನೋಡಿ ಅವನೇ ಆನ್‌ಲೈನ್‌ನಲ್ಲಿ ಸ್ಟಾರ್ ಸ್ಯಾನ್ ತರಿಸಿಕೊಟ್ಟ, ಬಾಟಲಿ, ಪಾತ್ರೆಗಳ ಸೂಕ್ಷ್ಮಾಣು ಕೊಲ್ಲಲು ನೀರಿಗೆ ಬೆರೆಸಿ ಬಳಸುವ ಸ್ಯಾನಿಟೈಸರ್ ಅದು. ಒಮ್ಮೆ ನೀರಿಗೆ ಬೆರೆಸಿದ್ದನ್ನು ಎಷ್ಟು ದಿನ ಇಟ್ಟು ಬಳಸಬಹುದು? ಬೆಳ್ಳಗಾದ ಕೂಡಲೇ ಚೆಲ್ಲು ಅಂತಾನೆ ಅಣ್ಣ. ಹೌದಾ? (ಒಬ್ಬ ಓದುಗರು, ಕುಲಶೇಖರ, ಮಂಗಳೂರು)

ಇಟ್ಟು ಬಳಸಬಹುದು. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಕ್ಯಾನಿನಲ್ಲಿ ವಾರಗಟ್ಟಲೆ ಇರುತ್ತದೆ. ಅದರ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 3 ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಒಳಗೆ ಕಸ, ಲೋಳೆ ಇರಬಾರದು. ಉತ್ತರ ಇಷ್ಟೇ. ಬಿಯರ್ ಆದರೂ ಇದೇ, ಕೊಂಬುಚಾ ಆದರೂ ಇದೇ. ನಮ್ಮ ರಾಜ್ಯದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವಂತಿಲ್ಲ, ಅದು ನೆನಪಿರಲಿ.

ಇದನ್ನು ಎಷ್ಟು ಸಲ ಹೇಳಿದರೂ ಪ್ರಶ್ನೆ ತಿರುಗಿ ಬರುತ್ತದೆ. ಕಾರಣ ಆ ‘ಬೆಳ್ಳಗಾದರೆ ಚೆಲ್ಲು’ ಅನ್ನುವ ಮಾತು. ಇವತ್ತು ಅದನ್ನು ಬುಡಸಮೇತ ಕಿತ್ತು ಹಾಕೋಣ.

ಸ್ಟಾರ್ ಸ್ಯಾನ್‌ನಲ್ಲಿ ಕೆಲಸ ಮಾಡುವುದು ಎರಡು ಪದಾರ್ಥ. ಒಂದು ಫಾಸ್ಫಾರಿಕ್ ಆಸಿಡ್. ಇನ್ನೊಂದು ಡೋಡೆಸಿಲ್‌ಬೆಂಜೀನ್ ಸಲ್ಫೋನಿಕ್ ಆಸಿಡ್, ಅಂದರೆ ನೊರೆ ಬರಿಸುವ, ಸಾಬೂನಿನ ಗುಣದ ವಸ್ತು. ಬ್ಯಾಕ್ಟೀರಿಯಾದ ಹೊರಪೊರೆ ಒಡೆಯುವುದು ಈ ಎರಡನೆಯದು. ಆದರೆ ನೀರು ಚೆನ್ನಾಗಿ ಹುಳಿಯಾಗಿದ್ದರೆ ಮಾತ್ರ ಅದು ಬ್ಯಾಕ್ಟೀರಿಯಾದ ಮೈಗೆ ಹಿಡಿಯುತ್ತದೆ. ಹಾಗಾಗಿ ಪಿಎಚ್ ಮುಖ್ಯ. 3ರಿಂದ 4ಕ್ಕೆ ಏರಿತು ಅಂದರೆ ಹುಳಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು ಎಂದು ಅರ್ಥ. ಸಣ್ಣ ವ್ಯತ್ಯಾಸ ಅಲ್ಲ ಅದು.

ಹಾಗಾದರೆ ಬೆಳ್ಳಗಾಗುವುದು ಯಾಕೆ? ನೀರಿನಲ್ಲಿರುವ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಆ ನೊರೆಯ ವಸ್ತುವಿಗೆ ಅಂಟಿಕೊಂಡು ಕರಗದ ಸಣ್ಣ ಕಣಗಳಾಗುತ್ತದೆ. ಗಡಸು ನೀರಿನಲ್ಲಿ ಸಾಬೂನು ತಿಕ್ಕಿದರೆ ಬಿಳಿ ಗಸಿ ಬರುತ್ತದಲ್ಲ, ಹಾಗೆ. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಹಾಕಿದರೆ ಬೆರೆಸುವಾಗಲೇ ಮಬ್ಬಾಗಬಹುದು. ಆಗಲೂ ಪಿಎಚ್ 3ರ ಕೆಳಗೇ ಇದ್ದರೆ ಆ ನೀರು ಕೆಲಸ ಮಾಡುತ್ತದೆ. ನೊರೆಯ ವಸ್ತುವಿನಲ್ಲಿ ಒಂದಿಷ್ಟು ಹೋಗಿರುತ್ತದೆ, ನಿಜ. ಅದಕ್ಕೇ ಮಬ್ಬಾದದ್ದನ್ನು ಜಾಸ್ತಿ ದಿನ ಇಡಬೇಡಿ, ಅವತ್ತೇ ಬಳಸಿ ಮುಗಿಸಿ. ಬೆರೆಸಿದ ಕೂಡಲೇ ಸುಮ್ನೆ ಮೋರಿಗೆ ಸುರಿಯುವುದು ಮಾತ್ರ ದಂಡ.

ನನಗೆ ನಿಜವಾಗಿ ಚಿಂತೆ ಇರುವುದು ಇದರ ಇನ್ನೊಂದು ಮುಖದ ಬಗ್ಗೆ. ‘ತಿಳಿಯಾಗಿ ಉಂಟಲ್ವಾ, ಹಾಗಾದರೆ ಸರಿ ಉಂಟು’ ಎಂದು ನಂಬುವುದು. ನಮ್ಮ ಕರಾವಳಿಯಲ್ಲಿ ಹೆಚ್ಚು ಕೆಡಿಸುವುದು ಇದೇ. ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ತುಂಬಾ ಮೆದು, ಸುಣ್ಣ ಕಡಿಮೆ. ಅದರಲ್ಲಿ ಮಬ್ಬಾಗಿಸುವ ಸರಕೇ ಇಲ್ಲ. ಹುಳಿ ಪೂರ್ತಿ ಸತ್ತು ಹೋಗಿದ್ದರೂ ದ್ರಾವಣ ಫಳಫಳ ತಿಳಿಯಾಗಿಯೇ ಕೂತಿರುತ್ತದೆ. ನೀವು ನೋಡಿ, ಸಮಾಧಾನಪಟ್ಟು, ಬಾಟಲಿ ಅದ್ದುತ್ತೀರಿ. ಹತ್ತು ದಿನ ಕಳೆದು ಕೊಂಬುಚಾದ ಮೇಲೆ ಬೂಸ್ಟು.

ಹುಳಿ ಸಾಯುವುದಕ್ಕೆ ಮೂರು ದಾರಿ ಉಂಟು. ಪಾತ್ರೆ ತೊಳೆದ ಸಾಬೂನು, ವಾಷಿಂಗ್ ಸೋಡಾ ಸರಿಯಾಗಿ ಹೋಗದೆ ಉಳಿದರೆ ಅದು ಕ್ಷಾರ, ಆಸಿಡ್ ಅನ್ನು ನುಂಗುತ್ತದೆ. ಒಳಗೆ ನೀರು ನಿಂತ ಬಾಟಲಿಗಳನ್ನು ಒಂದರ ಹಿಂದೆ ಒಂದು ಅದ್ದುತ್ತಾ ಹೋದರೆ ದ್ರಾವಣ ತೆಳುವಾಗುತ್ತದೆ. ಮೂರನೆಯದು ಯಾರಿಗೂ ಹೊಳೆಯುವುದಿಲ್ಲ: ಹೊಸ ಮನೆಯ ಸಿಮೆಂಟ್ ಟ್ಯಾಂಕ್. ಹೊಸ ಸಿಮೆಂಟಿನಿಂದ ಸುಣ್ಣ ನೀರಿಗೆ ಬಿಡುತ್ತಲೇ ಇರುತ್ತದೆ, ಅದೂ ಕ್ಷಾರವೇ. ಬಾವಿಯಲ್ಲಿ ಮೆದುವಾಗಿದ್ದ ನೀರು ನಲ್ಲಿಗೆ ಬರುವಾಗ ಹಾಗೆ ಇರುವುದಿಲ್ಲ. ಹೊಳೆಬದಿಯ ಬಾವಿಗಳ ಕಥೆ ಇನ್ನೊಂದು ತರಹ. ಏಪ್ರಿಲ್, ಮೇ ತಿಂಗಳಲ್ಲಿ ನೇತ್ರಾವತಿ, ಗುರುಪುರ ನದಿಗಳ ಕೆಳಭಾಗದಲ್ಲಿ ಉಪ್ಪುನೀರು ಒಳಗೆ ನುಗ್ಗುತ್ತದೆ. ಆಗಸ್ಟ್‌ನಲ್ಲಿ ತಿಳಿಯಾಗಿ ಬೆರೆತ ಅದೇ ಬಾವಿಯ ನೀರು ಮೇ ತಿಂಗಳಲ್ಲಿ ಮಬ್ಬಾಗಬಹುದು. ಒಂದೇ ಬಾವಿ, ಒಂದೇ ಅಳತೆ. ಕಣ್ಣಿನ ಅಂದಾಜನ್ನು ಹೇಗೆ ನಂಬುತ್ತೀರಿ?

ಪಿಎಚ್ ಪಟ್ಟಿ ತಗೊಳ್ಳಿ. ಶಾಲೆಯ ಲ್ಯಾಬಿನ ಲಿಟ್ಮಸ್ ಬೇಡ. ನೀಲಿ ಲಿಟ್ಮಸ್ ಪಿಎಚ್ 4ರಲ್ಲೂ ಕೆಂಪು, 2ರಲ್ಲೂ ಕೆಂಪು, ನಮಗೆ ಬೇಕಾದ ವ್ಯತ್ಯಾಸವನ್ನೇ ಅದು ಹೇಳುವುದಿಲ್ಲ. 1ರಿಂದ 14ರವರೆಗಿನ ಪಟ್ಟಿಯಲ್ಲೂ 3 ಮತ್ತು 4ರ ಬಣ್ಣ ಒಂದರ ಪಕ್ಕ ಒಂದು ಇಟ್ಟರೆ ಗೊಂದಲ. 0ಯಿಂದ 6ರವರೆಗಿನದ್ದು, ಅಥವಾ ಅದಕ್ಕಿಂತ ಕಿರಿದಾದ ಅಳತೆಯದ್ದು ಕೇಳಿ. ಅದ್ದಿ, ಒಮ್ಮೆ ಕೊಡವಿ, ಪ್ಯಾಕೆಟ್ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಕಿಟಕಿಯ ಬೆಳಕಿನಲ್ಲಿ ಬಣ್ಣ ಹೊಂದಿಸಿ ನೋಡಿ. ಹಳದಿ ಬಲ್ಬಿನ ಕೆಳಗೆ ನೋಡಿದರೆ ತಪ್ಪು ಓದುತ್ತೀರಿ.

ಅಳತೆ: 5 ಲೀಟರ್ ನೀರಿಗೆ ಸುಮಾರು 8 ಮಿಲಿ. ಮೆಡಿಕಲ್‌ನಲ್ಲಿ ಸಿಗುವ ಸಿರಿಂಜ್ ಸಾಕು, ಮುಚ್ಚಳದ ಅಂದಾಜು ಬೇಡ. ಬೆರೆಸದ ಆಸಿಡ್ ಮುಟ್ಟುವಾಗ ಕೈಗೆ ಗ್ಲೌಸ್. ಅಲ್ಯೂಮಿನಿಯಂ ಪಾತ್ರೆ, ತಗಡಿನ ಬಕೆಟ್ ಎರಡನ್ನೂ ಇದು ತಿನ್ನುತ್ತದೆ, ಮೊಸಾಯಿಕ್ ನೆಲಕ್ಕೆ ಬಿದ್ದರೆ ಕಲೆ. ಕುಡಿಯುವ ನೀರಿನ ಖಾಲಿ ಬಾಟಲಿಯಲ್ಲಿ ದಯವಿಟ್ಟು ತುಂಬಿಸಿಡಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ. ಕ್ಯಾನಿನ ಮೇಲೆ ದೊಡ್ಡದಾಗಿ ಹೆಸರು, ಬೆರೆಸಿದ ತಾರೀಕು ಬರೆಯಿರಿ.

ಈ ಲೆಕ್ಕ ಸ್ಟಾರ್ ಸ್ಯಾನ್ ತರಹದ ಆಸಿಡ್ ದ್ರಾವಣಕ್ಕೆ ಮಾತ್ರ. ಅಯೋಡಿನ್ ದ್ರಾವಣಕ್ಕೆ ಕಣ್ಣೇ ಸಾಕ್ಷಿ: ಕಂದು ಬಣ್ಣ ಹೋಯಿತೆಂದರೆ ಶಕ್ತಿ ಹೋಯಿತು, ಅದನ್ನು ಇಡುವ ಯೋಚನೆಯೇ ಬೇಡ. ಬ್ಲೀಚಿಂಗ್ ಪೌಡರ್ ನೀರು ಈ ಸೆಕೆಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ, ಸ್ವಲ್ಪ ಉಳಿದರೂ ಬಿಯರಿಗೆ ಔಷಧದ ವಾಸನೆ. ಅದನ್ನು ಆಸಿಡ್ ಜೊತೆ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಬಚ್ಚಲುಮನೆಯಂಥ ಸಣ್ಣ ಜಾಗದಲ್ಲಿ ಪ್ರಾಣಕ್ಕೇ ಅಪಾಯ.

ನೀವು ಕೇಳಲಿಲ್ಲ, ಆದರೂ ಒಂದು ಹೇಳಬೇಕು. ಬಾಟಲಿ ಒಣಗಿಸುವ ವಿಷಯ. ಕ್ರಿಸ್‌ಮಸ್ ವೈನ್ ಮಾಡುವ ಮನೆಗಳಲ್ಲಿ ಭರಣಿ ತೊಳೆದು ಬಿಸಿಲಿಗಿಟ್ಟು, ಒಂದು ಹನಿ ನೀರಿಲ್ಲದ ಹಾಗೆ ಒಣಗಿಸುತ್ತಾರೆ. ನವೆಂಬರ್ ಬಿಸಿಲಿಗೆ ಅದು ಒಳ್ಳೆಯ ಪದ್ಧತಿ. ಅದನ್ನೇ ಜುಲೈಯಲ್ಲಿ ಮಾಡಲು ಹೋಗುತ್ತಾರೆ. ಜುಲೈಯಲ್ಲಿ ಇಲ್ಲಿ ಬಟ್ಟೆಯೇ ಒಣಗುವುದಿಲ್ಲ, ಕಿರಿಬಾಯಿಯ ಬಾಟಲಿಯ ಒಳಗು ಒಣಗುತ್ತದಾ? ಅದ್ದಿ ತೆಗೆದ ಬಾಟಲಿಯನ್ನು ಕಪಾಟಿನಲ್ಲಿ ಬೋರಲು ಇಟ್ಟರೆ ನಾಲ್ಕು ದಿನದಲ್ಲಿ ತಳದಲ್ಲಿ ಬೂಸ್ಟಿನ ಚುಕ್ಕಿ. ಕೆಲವರು ನೊರೆಗೆ ಹೆದರಿ ಬಾವಿ ನೀರಿನಲ್ಲಿ ಮತ್ತೆ ತೊಳೆಯುತ್ತಾರೆ. ಮಳೆಗಾಲದ ಬಾವಿ ನೀರು ಹಾಕಿದ ಮೇಲೆ ಅದ್ದಿದ್ದಕ್ಕೆ ಅರ್ಥ ಏನು ಉಳಿಯಿತು? ಹೇಳಿದ ಅಳತೆಯಲ್ಲಿ ಬೆರೆಸಿದ್ದರೆ ತೊಳೆಯುವ ಅಗತ್ಯವೇ ಇಲ್ಲ, ಆ ನೊರೆ ಒಳಗೆ ಉಳಿದರೂ ರುಚಿ ಕೆಡುವುದಿಲ್ಲ.

ಮಳೆಗಾಲದಲ್ಲಿ ಒಣಗಿಸುವ ಹಂತವನ್ನೇ ಬಿಟ್ಟುಬಿಡಿ. ತುಂಬಿಸುವ ದಿನ ಮೊದಲು ಬಾಟಲಿ ಸಾಬೂನಿನಲ್ಲಿ ತೊಳೆದು, ಸಾಬೂನು ಪೂರ್ತಿ ಹೋಗುವ ಹಾಗೆ ಜಾಲಿಸಿ, ನೀರು ಬಸಿಯಿರಿ. ಆಮೇಲೆ ದ್ರಾವಣದಲ್ಲಿ ಎರಡು ನಿಮಿಷ ಮುಳುಗಿಸಿ, ಬೋರಲು ಹಿಡಿದು ಬಸಿದು, ಒದ್ದೆ ಇರುವಾಗಲೇ ತುಂಬಿಸಿ ಮುಚ್ಚಳ ಹಾಕಿ.