ಪ್ರೋಗ್ರಾಂ ನಿಲ್ಲುವ ಗಳಿಗೆಯಲ್ಲಿ ಆಬ್ಜೆಕ್ಟ್‌ಗಳ ಗತಿ ಏನು?

ಪ್ರೋಗ್ರಾಂ ಮುಗಿದ ಮೇಲೆ ಅದು ಹಿಡಿದಿಟ್ಟಿದ್ದ ಮೆಮೊರಿಯನ್ನೆಲ್ಲ ಆಪರೇಟಿಂಗ್ ಸಿಸ್ಟಂ ತಾನೇ ವಾಪಸ್ ತೆಗೆದುಕೊಳ್ಳುತ್ತದೆ. ತೆರೆದ ಫೈಲು, ಸಾಕೆಟ್‌ಗಳೂ ಮುಚ್ಚಿಹೋಗುತ್ತವೆ. ಹಾಗಾಗಿ ಕೊನೆಯಲ್ಲಿ ಪ್ರತಿಯೊಂದು ಆಬ್ಜೆಕ್ಟನ್ನೂ ಹುಡುಕಿ ಫ್ರೀ ಮಾಡುವುದು ಬಹುತೇಕ ವ್ಯರ್ಥ ಶ್ರಮ. ಆದರೆ ಬಫರಿನಲ್ಲೇ ಉಳಿದು ಡಿಸ್ಕ್ ತಲುಪದ ಡೇಟಾ, ತಾತ್ಕಾಲಿಕ ಫೋಲ್ಡರು, ಲಾಕ್ ಫೈಲು, ಹೆಸರಿಟ್ಟು ತೆರೆದ ಶೇರ್ಡ್ ಮೆಮೊರಿ, ಇವುಗಳ ಜವಾಬ್ದಾರಿ ಸಿಸ್ಟಂನದಲ್ಲ. ನಿಜವಾಗಿ ಕ್ಲೀನಪ್ ಬೇಕಿರುವುದು ಇವಕ್ಕೆ.

ಈ ಕೆಲಸವನ್ನು, ಆಬ್ಜೆಕ್ಟ್ ನಾಶವಾಗುವಾಗ ತಾನಾಗಿ ಓಡುವ ಡಿಸ್ಟ್ರಕ್ಟರ್‌ಗೋ ಫೈನಲೈಸರ್‌ಗೋ ಬಿಟ್ಟು ನಿಶ್ಚಿಂತರಾದರೆ ತೊಂದರೆ ಶುರು. ಪೈಥಾನ್‌ನ ಒಂದು ಕ್ಲಾಸ್ ತಾತ್ಕಾಲಿಕ ಫೋಲ್ಡರ್ ತೆರೆಯುತ್ತದೆ, ತನ್ನ __ಡೆಲ್__ ಮೆಥಡ್‌ನಲ್ಲಿ ಅದನ್ನು ಅಳಿಸುತ್ತದೆ ಎನ್ನಿ. ಆ ಆಬ್ಜೆಕ್ಟ್ ಗ್ಲೋಬಲ್ ವೇರಿಯಬಲ್‌ನಲ್ಲಿ ಕೊನೆತನಕ ಉಳಿದರೆ, ಇಂಟರ್‌ಪ್ರಿಟರ್ ತನ್ನ ಮಾಡ್ಯೂಲ್‌ಗಳನ್ನೇ ಕಳಚುತ್ತಿರುವ ಹೊತ್ತಿಗೆ __ಡೆಲ್__ ಓಡುತ್ತದೆ. ಅದಕ್ಕೆ ಬೇಕಾದ ಗ್ಲೋಬಲ್ ಹೆಸರು ಆಗಲೇ 'ನನ್' (None, ಅಂದರೆ ಖಾಲಿ) ಆಗಿರಬಹುದು. ಒಳಗೊಂದು ಇಂಪೋರ್ಟ್ ಇದ್ದರೆ ಅದೂ ಕೈಕೊಡಬಹುದು. ಆಗ ಹುಟ್ಟುವ ಎಕ್ಸೆಪ್ಷನ್ ಯಾರ ಕೈಗೂ ಸಿಗುವುದಿಲ್ಲ. ಎರರ್ ಔಟ್‌ಪುಟ್‌ನಲ್ಲಿ ಒಂದು ಎಚ್ಚರಿಕೆ ಮೂಡುತ್ತದೆ, ಎಕ್ಸಿಟ್ ಕೋಡ್ 0 ಆಗಿಯೇ ಇರುತ್ತದೆ, ಫೋಲ್ಡರ್ ಡಿಸ್ಕಿನಲ್ಲಿ ಉಳಿಯುತ್ತದೆ. ಕೊನೆಯಲ್ಲಿ ಉಳಿದಿರುವ ಆಬ್ಜೆಕ್ಟ್‌ಗಳ __ಡೆಲ್__ ಅನ್ನು ಕರೆದೇ ತೀರುತ್ತೇನೆಂಬ ಭರವಸೆಯನ್ನೂ ಪೈಥಾನ್ ಕೊಡುವುದಿಲ್ಲ.

ಬೇರೆ ಭಾಷೆಗಳಲ್ಲೂ ಇದೇ ಪಾಡು. ಸಿ++ನಲ್ಲಿ ಬೇರೆ ಬೇರೆ ಫೈಲುಗಳ ಗ್ಲೋಬಲ್ ಆಬ್ಜೆಕ್ಟ್‌ಗಳಲ್ಲಿ ಯಾವುದು ಮೊದಲು ನಾಶವಾಗುತ್ತದೆಂದು ಹೇಳಲಾಗದು. ಲಾಗ್ ಬರೆಯುವ ಆಬ್ಜೆಕ್ಟ್, ಅಂದರೆ ಲಾಗರ್, ಸತ್ತ ಮೇಲೆ ಇನ್ನೊಂದರ ಡಿಸ್ಟ್ರಕ್ಟರ್ ಅದಕ್ಕೆ ಬರೆಯಲು ಹೋಗಿ ಕ್ರ್ಯಾಶ್ ಆಗಬಹುದು. ಜಾವಾ ಅಂತೂ 2017ರ 9ನೇ ಆವೃತ್ತಿಯಲ್ಲೇ ಫೈನಲೈಸ್ ಮೆಥಡ್ ಬಳಸಬೇಡಿ ಎಂದುಬಿಟ್ಟಿತು.

ಆಗಲೇಬೇಕಾದ ಕ್ಲೀನಪ್ ಪ್ರೋಗ್ರಾಂ ಪೂರ್ತಿ ಜೀವಂತವಿರುವಾಗಲೇ ಆಗಬೇಕು. ಪೈಥಾನ್‌ನಲ್ಲಿ ಅದಕ್ಕೆ, ಮಧ್ಯೆ ಎರರ್ ಬಂದರೂ ಕ್ಲೀನಪ್ ಓಡಿಸುವ 'ವಿತ್' ಬ್ಲಾಕ್ ಅಥವಾ 'ಟ್ರೈ-ಫೈನಲಿ' ಇದೆ. ಜೊತೆಗೊಂದು 'ಕ್ಲೋಸ್' ಮೆಥಡ್ ಇರಲಿ. ಎರಡು ಸಲ ಕರೆದರೂ ಎಡವಟ್ಟಾಗದಂತೆ ಬರೆಯಿರಿ. ಯಾರಾದರೂ 'ಕ್ಲೋಸ್' ಕರೆಯಲು ಮರೆತರೆ ಕಾಪಾಡಲು ಪೈಥಾನ್ 3.4ರಿಂದ ಇರುವ 'ವೀಕ್‌ರೆಫ್.ಫೈನಲೈಸ್' ಸಾಕು; ಆಬ್ಜೆಕ್ಟ್ ಹೋದಾಗ ಇಲ್ಲವೇ ಪ್ರೋಗ್ರಾಂ ಮುಗಿಯುವಾಗ ನಾವು ಕೊಟ್ಟ ಫಂಕ್ಷನ್ (ಕಾಲ್‌ಬ್ಯಾಕ್) ಓಡಿಸುವುದು ಇದರ ಕೆಲಸ. ಕೊನೆತನಕ ಉಳಿದಿದ್ದರೆ ಅದು ಮಾಡ್ಯೂಲ್‌ಗಳು ಕಳಚುವ ಮೊದಲೇ, ನೋಂದಾಯಿಸಿದ್ದಕ್ಕೆ ಹಿಮ್ಮುಖ ಕ್ರಮದಲ್ಲಿ ಓಡುತ್ತದೆ. ಅದಕ್ಕೆ ಕೊಡುವ ಕಾಲ್‌ಬ್ಯಾಕ್ ಆ ಆಬ್ಜೆಕ್ಟಿನದೇ ಮೆಥಡ್ ಆಗಿರಬಾರದು. ಆಗಿದ್ದರೆ ಕಾಲ್‌ಬ್ಯಾಕೇ ಆಬ್ಜೆಕ್ಟನ್ನು ಹಿಡಿದುಕೊಂಡು, ಪ್ರೋಗ್ರಾಂ ಮುಗಿಯುವತನಕ ಅದು ಬಿಡುಗಡೆಯಾಗುವುದಿಲ್ಲ. ಸ್ವತಂತ್ರ ಫಂಕ್ಷನ್ ಮತ್ತು ಫೋಲ್ಡರಿನ ಪಾತ್, ಇವೆರಡನ್ನೇ ಕೊಡಿ. ಓಡುತ್ತಿರುವ ಪ್ರೊಸೆಸ್‌ನ (ಪೇರೆಂಟ್) ನಕಲಾಗಿ ಇನ್ನೊಂದನ್ನು (ಚೈಲ್ಡ್) ಹುಟ್ಟಿಸುವ 'ಫೋರ್ಕ್' ಬಳಸುವವರು ಇನ್ನೂ ಒಂದು ಗಮನಿಸಬೇಕು: ಚೈಲ್ಡ್ ಪ್ರೊಸೆಸ್ ಮಾಮೂಲಾಗಿ ಮುಗಿದರೆ ಅದೂ ಇದೇ ಫಂಕ್ಷನ್ ಓಡಿಸಿ, ಪೇರೆಂಟ್ ಇನ್ನೂ ಬಳಸುತ್ತಿರುವ ಫೋಲ್ಡರನ್ನೇ ಅಳಿಸಿಬಿಡುತ್ತದೆ. ಆಬ್ಜೆಕ್ಟ್ ಸೃಷ್ಟಿಸಿದ ಪ್ರೊಸೆಸ್‌ನ ಐಡಿ ಇಟ್ಟುಕೊಂಡು, ಅಳಿಸುವ ಮುನ್ನ ಹೋಲಿಸಿ.

ಇಷ್ಟಾದರೂ ಸಿಗ್ನಲ್‌ಗಳ, ಅಂದರೆ ಪ್ರೊಸೆಸ್‌ಗೆ ಸಿಸ್ಟಂ ತಲುಪಿಸುವ ಸೂಚನೆಗಳ, ಕಾಟ ಉಳಿಯುತ್ತದೆ. ಕಂಟ್ರೋಲ್-ಸಿ ಒತ್ತಿದರೆ ಪೈಥಾನ್ ಎಕ್ಸೆಪ್ಷನ್ ಎಬ್ಬಿಸುತ್ತದೆ, 'ಫೈನಲಿ' ಓಡುತ್ತದೆ. ನಿಲ್ಲು ಎಂದು ಕೇಳುವ ಸಿಗ್‌ಟರ್ಮ್ ಸಿಗ್ನಲ್ ಬಂದರೆ ಹಾಗಲ್ಲ. ಸಿಗ್ನಲ್ ಬಂದಾಗ ಓಡುವ ಫಂಕ್ಷನ್, ಅಂದರೆ ಹ್ಯಾಂಡ್ಲರ್, ಬರೆಯದಿದ್ದರೆ ಪ್ರೊಸೆಸ್ ಅಲ್ಲೇ ಸಾಯುತ್ತದೆ, 'ಫೈನಲಿ'ಯೂ ಇಲ್ಲ, ಫೈನಲೈಸರೂ ಇಲ್ಲ. ಹ್ಯಾಂಡ್ಲರ್ ಒಂದು ಫ್ಲ್ಯಾಗ್ ಏರಿಸಿದರೆ ಸಾಕು, ಮುಖ್ಯ ಲೂಪ್ ಅದನ್ನು ನೋಡಿ ಹೊರಬರಲಿ. ಪ್ರೋಗ್ರಾಂಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಸಾಧನಗಳ ಪೈಕಿ ಡಾಕರ್‌ನ ಸ್ಟಾಪ್ ಆದೇಶ ಸಿಗ್‌ಟರ್ಮ್ ಆದಮೇಲೆ ಸಾಮಾನ್ಯವಾಗಿ 10 ಸೆಕೆಂಡ್, ಕುಬರ್ನೆಟಿಸ್ 30 ಸೆಕೆಂಡ್ ಕಾದು, ಬಲವಂತವಾಗಿ ಕೊಲ್ಲುವ ಸಿಗ್‌ಕಿಲ್ ಕಳಿಸುತ್ತದೆ. ಕ್ಲೀನಪ್ ಅಷ್ಟರೊಳಗೆ ಮುಗಿಯಬೇಕು.

ಸಿಗ್‌ಕಿಲ್ ತಡೆಯುವ ಉಪಾಯವೇ ಇಲ್ಲ. ಆದ್ದರಿಂದ ಕ್ಲೀನಪ್ ನಡೆಯದೇ ಹೋದರೂ ಡೇಟಾ ಕೆಡದ ಹಾಗೆ ಬರೆಯಬೇಕು. ಹೊಸ ಡೇಟಾವನ್ನು ಅದೇ ಫೋಲ್ಡರಿನ ತಾತ್ಕಾಲಿಕ ಫೈಲಿಗೆ ಬರೆದು, ಬಫರ್ ಫ್ಲಶ್ ಮಾಡಿ, ಡೇಟಾ ಡಿಸ್ಕ್ ತಲುಪುವಂತೆ 'ಎಫ್‌ಸಿಂಕ್' ಕರೆದು, ಆಮೇಲೆ ಹಳೆಯ ಫೈಲಿನ ಹೆಸರಿಗೆ 'ರೀನೇಮ್' ಮಾಡಿ. ಮಧ್ಯೆ ಎಲ್ಲಿ ನಿಂತರೂ ಹಳೆಯ ಫೈಲೋ ಹೊಸದೋ, ಯಾವುದಾದರೊಂದು ಪೂರ್ತಿಯಾಗಿ ಸಿಗುತ್ತದೆ. ಲಾಕ್‌ಗೂ ಅಷ್ಟೆ: ಫೈಲ್ ಇದೆಯೋ ಇಲ್ಲವೋ ಎಂದು ನೋಡುವ ಬದಲು, ತೆರೆದ ಫೈಲಿಗೆ ಬೀಗ ಹಾಕುವ 'ಎಫ್‌ಲಾಕ್' ಬಳಸಿ. ಫೈಲನ್ನು ತೆರೆದಿಟ್ಟ ಪ್ರೊಸೆಸ್ ಸತ್ತ ಕೂಡಲೇ ಆ ಬೀಗವನ್ನು ಕರ್ನಲ್ಲೇ ಬಿಡಿಸುತ್ತದೆ.