‘ಸಹಿ ನನ್ನದೇ’: ವಿಶ್ವಾಸದ ಅರಿಕೆ ಮತ್ತು ಅದಕ್ಕೆ ಬೇಕಾದ ಧೈರ್ಯ (ಅಧ್ಯಯನ ಟಿಪ್ಪಣಿ)

ಜನರ ಮುಂದೆ ನನ್ನನ್ನು ಒಪ್ಪಿಕೊಳ್ಳುವವರನ್ನು ನಾನೂ ತಂದೆಯ ಮುಂದೆ ಒಪ್ಪಿಕೊಳ್ಳುವೆ, ಅಲ್ಲಗಳೆಯುವವರನ್ನು ಅಲ್ಲಗಳೆಯುವೆ ಎಂಬ ಯೇಸುವಿನ ಮಾತು (ಮತ್ತಾಯ 10:32-33) ಬಾಯಿಪಾಠ ಇಲ್ಲದವರು ನಮ್ಮಲ್ಲಿ ಕಡಿಮೆ. ಗೊಂದಲ ಹುಟ್ಟುವುದು ಎರಡು ಕಡೆ. ಒಂದು, ‘ಒಪ್ಪಿಕೊಳ್ಳು’ ಎಂಬ ಕ್ರಿಯಾಪದ. ಇನ್ನೊಂದು, ಸುಮ್ಮನಿದ್ದರೆ ಅಲ್ಲಗಳೆದಂತೆಯೇ ಎಂಬ ಪ್ರಶ್ನೆ. ಟಿಪ್ಪಣಿಯ ಬಹುಪಾಲನ್ನು ಎರಡನೆಯದೇ ತಿಂದಿದೆ.

ಕ್ರಿಯಾಪದ

ಕನ್ನಡದ ಕಿವಿಗೆ ‘ಒಪ್ಪಿಕೊಂಡ’ ಎಂದರೆ ತಪ್ಪು ಒಪ್ಪಿಕೊಂಡ ಎಂದೇ ಕೇಳುತ್ತದೆ. ‘ಅರಿಕೆ’ ಎಂದರೆ ದೊಡ್ಡವರ ಮುಂದೆ ಕೈಕಟ್ಟಿ ನಿಂತು ಹೇಳಿಕೊಳ್ಳುವುದು. ಈ ಎರಡು ಛಾಯೆಗಳನ್ನು ಇಟ್ಟುಕೊಂಡೇ ರೋಮಾಪುರದವರಿಗೆ 10:9 (ಯೇಸುವೇ ಪ್ರಭು ಎಂದು ಬಾಯಿಂದ ಒಪ್ಪಿಕೊಂಡು ಹೃದಯದಿಂದ ನಂಬಿದರೆ ರಕ್ಷಣೆ ಎಂಬ ವಚನ) ಓದಿದರೆ, ಕ್ರೈಸ್ತರಾಗಿರುವುದು ಯಾರದೋ ಮುಂದೆ ತಲೆತಗ್ಗಿಸಿ ಹೇಳಬೇಕಾದ ಸಂಗತಿ ಎಂಬ ಭಾವ ಒಳಗೆ ಕೂತುಬಿಡುತ್ತದೆ. ಧೈರ್ಯ ಅರ್ಧ ಸೋರಿಹೋಗುವುದು ಅಲ್ಲೇ.

ಗ್ರೀಕ್ ಮೂಲದಲ್ಲಿರುವುದು ‘ಹೊಮೊಲೊಗೆಯೊ’. ‘ಹೊಮೊ’ ಎಂದರೆ ಅದೇ, ‘ಲೊಗೊಸ್’ ಎಂದರೆ ಮಾತು; ಅದೇ ಮಾತನ್ನು ತಾನೂ ಆಡುವುದು. ಆ ಕಾಲದ ಗ್ರೀಕ್ ಕರಾರುಪತ್ರಗಳಲ್ಲೂ ಇದೇ ಕ್ರಿಯಾಪದ ಬರುತ್ತದೆ: ಇಂಥವನು ಇಂಥದ್ದನ್ನು ಒಪ್ಪಿದ್ದಾನೆ ಎಂದು. ನೆನಪಿಟ್ಟುಕೊಳ್ಳಲು ಒಂದು ದಾರಿ ಇದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆಗುವ ಹೊತ್ತನ್ನು ನೆನೆಯಿರಿ. ಪತ್ರ ಬರೆದುಕೊಟ್ಟವರು ಅಧಿಕಾರಿಯ ಮುಂದೆ ನಿಂತು, ಬರೆದುಕೊಟ್ಟದ್ದು ನಾನೇ, ಸಹಿ ನನ್ನದೇ ಎಂದು ಒಪ್ಪಬೇಕು. ಹೆಬ್ಬೆಟ್ಟು ಒತ್ತಬೇಕು, ಪಕ್ಕದಲ್ಲಿ ಸಾಕ್ಷಿಗಳಿರುತ್ತಾರೆ. ಅಲ್ಲಿ ತಪ್ಪೊಪ್ಪಿಗೆಯ ಸೋಂಕೂ ಇಲ್ಲ. ಮನೆಯಲ್ಲಿ ಎಷ್ಟು ಸಲ ಆ ಮಾತು ಹೇಳಿದ್ದರೂ ಪತ್ರ ನೋಂದಣಿ ಆಗುವುದಿಲ್ಲ. ಇನ್ನೊಬ್ಬರ ಮುಂದೆ ಹೇಳಿದಾಗಲೇ ಆಗುವುದು. ‘ಸಹಿ ನನ್ನದೇ’ ಎಂದು ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡರೆ ಮತ್ತಾಯ 10, ರೋಮಾ 10, 1 ತಿಮೊಥೆಯ 6:12-13 ಮೂರೂ ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ.

1 ಯೋವಾನ್ನ 1:9ರಲ್ಲಿ ಪಾಪದ ಅರಿಕೆಗೂ ಇದೇ ಕ್ರಿಯಾಪದ. ನನ್ನ ಪಾಪದ ಬಗ್ಗೆ ದೇವರು ಹೇಳುವ ಮಾತನ್ನೇ ನಾನೂ ಹೇಳುವುದು ಅಲ್ಲಿ, ಯೇಸುವಿನ ಬಗ್ಗೆ ಹೇಳುವ ಮಾತನ್ನೇ ಹೇಳುವುದು ಇಲ್ಲಿ.

ಹೃದಯದಲ್ಲಿದ್ದರೆ ಸಾಲದೇ?

ಯೋವಾನ್ನ 12:42-43 ನೋಡಿ. ಅಧಿಕಾರಿಗಳಲ್ಲಿ ಅನೇಕರು ನಂಬಿದ್ದರು, ಸಭಾಮಂದಿರದಿಂದ ಹೊರಗೆ ಹಾಕಿಯಾರು ಎಂದು ಬಾಯಿ ಬಿಡಲಿಲ್ಲ. ನಂಬಿಕೆ ಇರಲಿಲ್ಲ ಎಂದು ಯೋವಾನ್ನ ಬರೆಯುವುದಿಲ್ಲ; ದೇವರ ಮೆಚ್ಚುಗೆಗಿಂತ ಜನರ ಮೆಚ್ಚುಗೆ ಅವರಿಗೆ ಹೆಚ್ಚು ಬೇಕಾಗಿತ್ತು ಎನ್ನುತ್ತಾನೆ.

4ನೇ ಶತಮಾನದ ರೋಮ್‌ನ ಹೆಸರಾಂತ ಪಂಡಿತ ವಿಕ್ಟೊರಿನಸ್‌ನ ವಿಷಯವನ್ನು ಸಂತ ಆಗಸ್ಟಿನ್ ದಾಖಲಿಸಿದ್ದಾರೆ. ನಾನು ಆಗಲೇ ಕ್ರೈಸ್ತ ಎಂದು ಆತ ಗುಟ್ಟಾಗಿ ಕ್ರೈಸ್ತ ಗೆಳೆಯ ಸಿಂಪ್ಲಿಸಿಯಾನಸ್‌ಗೆ ಹೇಳುತ್ತಿದ್ದ. ದೇವಾಲಯದಲ್ಲಿ ಕಂಡಾಗ ನಂಬುತ್ತೇನೆ ಎಂದು ಅವರ ಉತ್ತರ. ಗೋಡೆಗಳು ಕ್ರೈಸ್ತರನ್ನು ಮಾಡುತ್ತವೆಯೇ ಎಂದು ಇವನ ಮರುಪ್ರಶ್ನೆ. ಕೊನೆಗೆ ಮನಸ್ಸು ಬದಲಾಯಿತು. ಸಂಕೋಚ ಪಡುವವರಿಗೆ ಇದ್ದ ಖಾಸಗಿ ಅರಿಕೆಯ ಅವಕಾಶವನ್ನು ಗುರುಗಳು ಮುಂದಿಟ್ಟರೂ ಬೇಡವೆಂದು, ಎಲ್ಲರಿಗೂ ಕಾಣುವ ಎತ್ತರದ ಜಾಗದಲ್ಲೇ ನಿಂತು ವಿಶ್ವಾಸಪ್ರಮಾಣ ಹೇಳಿದ.

ಮೌನ ಯಾವಾಗ ನಿರಾಕರಣೆ?

ಎಲ್ಲರೂ ಎಡವುವುದು ಇಲ್ಲಿ. ಒಪ್ಪಿಕೊಳ್ಳುವುದು ಆಜ್ಞೆಯಾದರೆ, ಮೆಟ್ರೊದಲ್ಲಿ ಮೆಜೆಸ್ಟಿಕ್‌ನಿಂದ ಇಂದಿರಾನಗರದವರೆಗೆ ಸುಮ್ಮನೆ ಕೂತದ್ದು ಪಾಪವೇ? ಅಲ್ಲವೆಂದು ಅನ್ನಿಸುತ್ತದೆ, ಏಕೆ ಎಂದು ಹೇಳಲು ಬರುವುದಿಲ್ಲ.

13ನೇ ಶತಮಾನದ ದೇವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸ್ ಕೊಡುವ ಗೆರೆ ಇದು. ‘ಮಾಡಬೇಡ’ ಎಂಬ ಆಜ್ಞೆ ಪ್ರತಿ ಕ್ಷಣವೂ ಕಟ್ಟುತ್ತದೆ. ‘ಮಾಡು’ ಎಂಬ ಆಜ್ಞೆ ಎಂದೂ ರದ್ದಾಗುವುದಿಲ್ಲ, ಆದರೆ ತಕ್ಕ ಸ್ಥಳ, ತಕ್ಕ ಸಮಯ ಬಂದಾಗ ಕಟ್ಟುತ್ತದೆ. ‘ಅಲ್ಲಗಳೆಯಬೇಡ’ ಮೊದಲನೆಯ ಜಾತಿ, ಅದಕ್ಕೆ ರಜೆಯೇ ಇಲ್ಲ. ‘ಒಪ್ಪಿಕೋ’ ಎರಡನೆಯ ಜಾತಿ. ಅದರ ಸಮಯ ಬಂತೆಂದು ತಿಳಿಯಲು ಎರಡು ಗುರುತು: ನನ್ನ ಮೌನದಿಂದ ದೇವರಿಗೆ ಸಲ್ಲಬೇಕಾದ ಗೌರವ ತಪ್ಪುತ್ತದೆಯೇ? ನೆರೆಯವನ ಹಿತ ಕೆಡುತ್ತದೆಯೇ? ಅವರು ಕೊಡುವ ಉದಾಹರಣೆಯೇ ಸಾಕು. ವಿಶ್ವಾಸದ ಬಗ್ಗೆ ನೇರವಾಗಿ ಕೇಳಿದಾಗ ಸುಮ್ಮನಾಗಿ, ಇವನಿಗೆ ವಿಶ್ವಾಸವಿಲ್ಲ ಎಂದೋ ಆ ವಿಶ್ವಾಸವೇ ಸುಳ್ಳೆಂದೋ ಕೇಳಿದವರು ತಿಳಿಯುವಂತಾದರೆ, ಆಗ ಬಾಯಿ ತೆರೆಯಲೇಬೇಕು.

ಮೆಟ್ರೊದಲ್ಲಿ ಯಾರೂ ಕೇಳಲಿಲ್ಲ, ಯಾರೂ ಏನೂ ತಿಳಿಯಲಿಲ್ಲ. ಬಾಡಿಗೆ ಮನೆ ನೋಡಲು ಹೋದಾಗ ಮಾಲೀಕರು ‘ನೀವು ಯಾವ ಜನ?’ ಎನ್ನುತ್ತಾರೆ. ಉತ್ತರ: ‘ನಾವು ವೆಜಿಟೇರಿಯನ್ನೇ ಸರ್.’ ಇದರಲ್ಲಿ ಸುಳ್ಳು ಒಂದೂ ಇಲ್ಲದಿರಬಹುದು. ಆದರೂ ಕೇಳಿದ ಪ್ರಶ್ನೆಯಿಂದ ಪಕ್ಕಕ್ಕೆ ಸರಿದದ್ದಾಯಿತು.

ಈ ಪಕ್ಕಕ್ಕೆ ಸರಿಯುವುದನ್ನು ಮಾರ್ಕ 14:66-72ರಲ್ಲಿ ಹತ್ತಿರದಿಂದ ನೋಡಬಹುದು. ಯೇಸುವನ್ನು ಬಂಧಿಸಿದ ರಾತ್ರಿ ಆತನ ಶಿಷ್ಯ ಪೇತ್ರ ಮೂರು ಸಲ ‘ಇಲ್ಲ’ ಅಂದ ಎಂದು ಒಟ್ಟಾರೆ ಓದಿದರೆ ಮೆಟ್ಟಿಲುಗಳು ಕಾಣುವುದಿಲ್ಲ. ಮೊದಲ ಸಲ, ನೀನೂ ಯೇಸುವಿನ ಜೊತೆಗಿದ್ದವನೇ ಎಂದು ಕೇಳಿದವಳು ಒಬ್ಬ ಸೇವಕಿ. ಆತನ ಉತ್ತರ, ‘ನೀನು ಏನು ಹೇಳುತ್ತೀಯೋ ನನಗೆ ತಿಳಿಯದು’ ಎಂಬಂತೆ. ಅದರಲ್ಲಿ ‘ಇಲ್ಲ’ ಎಂಬ ಮಾತು ಸಹ ಇಲ್ಲ, ಅರ್ಥವಾಗದವನ ನಟನೆ ಮಾತ್ರ. ಅಷ್ಟು ಹೇಳಿ ಬೆಂಕಿಯ ಬಳಿಯಿಂದ ಹೊರ ಅಂಗಳಕ್ಕೆ ಸರಿಯುತ್ತಾನೆ. ಎರಡನೆಯ ಸಲ ಅವಳು ಸುತ್ತ ನಿಂತವರಿಗೆ ಹೇಳುತ್ತಾಳೆ, ಈಗ ನಿರಾಕರಣೆ. ಮೂರನೆಯ ಸಲ ನಿಂತವರೇ ಕೇಳುತ್ತಾರೆ, ಶಪಿಸಿಕೊಂಡು ಆಣೆಯಿಡುತ್ತಾನೆ. ಮೊದಲು ಜಾರಿಕೆ, ಆಮೇಲೆ ನಿರಾಕರಣೆ, ಕೊನೆಗೆ ಆಣೆ. ಕೇಳುವವರ ಸಂಖ್ಯೆ ಏರಿದೆ, ಅಂದರೆ ಸತ್ಯದ ಬೆಲೆಯೂ ಏರಿದೆ. ಒಬ್ಬ ಸೇವಕಿಯ ಮುಂದೆ ಅದು ಅತಿ ಅಗ್ಗವಾಗಿತ್ತು. ಅದೇ ರಾತ್ರಿ ಒಳಗೆ, ನೀನು ಕ್ರಿಸ್ತನೋ ಎಂದು ಮಹಾಯಾಜಕ ಕೇಳಿದಾಗ ಯೇಸುವಿನ ಉತ್ತರ, ‘ನಾನೇ’ (ಮಾರ್ಕ 14:62). ಪರೀಕ್ಷೆಗೆ ಓದುವವರು ಈ ಎರಡು ವಿಚಾರಣೆಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ.

ಧೈರ್ಯ ಮತ್ತು ದುಡುಕು

ಮೈಮೇಲೆ ಎಳೆದುಕೊಳ್ಳುವುದು ಧೈರ್ಯದ ಲೆಕ್ಕಕ್ಕೆ ಬರುವುದಿಲ್ಲ. 2ನೇ ಶತಮಾನದ ಬಿಷಪ್ ಪೊಲಿಕಾರ್ಪ್‌ನ ಹುತಾತ್ಮತೆಯ ವರದಿಯಲ್ಲಿ ಕ್ವಿಂಟಸ್ ಎಂಬುವನಿದ್ದಾನೆ. ತಾನಾಗಿ ಮುಂದೆ ಬಂದು ಇನ್ನೂ ಕೆಲವರನ್ನು ಹುರಿದುಂಬಿಸಿದ, ಕೊಲ್ಲಲು ತಂದ ಮೃಗಗಳನ್ನು ಕಂಡೊಡನೆ ಬೆದರಿ ದೇವತೆಗಳಿಗೆ ಬಲಿ ಅರ್ಪಿಸಿದ. ತಾವಾಗಿ ಹೋಗಿ ಒಪ್ಪಿಸಿಕೊಳ್ಳುವವರನ್ನು ಹೊಗಳುವುದಿಲ್ಲ ಎಂದು ಆ ವರದಿಯೇ ಹೇಳುತ್ತದೆ. ಪೊಲಿಕಾರ್ಪ್ ಮೊದಲು ಊರ ಹೊರಗಿನ ತೋಟದ ಮನೆಗೆ ಸರಿದಿದ್ದರು. ಹಿಡಿದು ತಂದು ಕೇಳಿದಾಗ ಹಿಂಜರಿಯಲಿಲ್ಲ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಕ್ರಿ.ಶ. 250ರಲ್ಲಿ ಕಿರುಕುಳ ಎದ್ದಾಗ ಅಡಗಿದ್ದರು, 258ರಲ್ಲಿ ತಲೆ ಕೊಟ್ಟರು. ಓಡಿಹೋಗಲು ಮತ್ತಾಯ 10:23 ಅಪ್ಪಣೆ ಕೊಡುತ್ತದೆ, ಅಲ್ಲಗಳೆಯಲು ಕೊಡುವುದಿಲ್ಲ.

ಎಲ್ಲರೂ ದೇವತೆಗಳಿಗೆ ಬಲಿ ಕೊಡಬೇಕೆಂದು ಆಜ್ಞೆ ಹೊರಡಿಸಿದ ರೋಮ್‌ನ ಡೇಷಿಯಸ್ ಚಕ್ರವರ್ತಿಯ ಕಾಲದ ಪ್ರಮಾಣಪತ್ರಗಳು ಈಜಿಪ್ಟಿನಲ್ಲಿ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ: ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದಿದ್ದೇನೆ, ಈಗಲೂ ನಿಮ್ಮ ಮುಂದೆ ಕೊಟ್ಟೆ ಎಂಬ ಒಕ್ಕಣೆ. ಕೆಲವು ಕ್ರೈಸ್ತರು ಬಲಿ ಕೊಡದೆ ಹಣ ತೆತ್ತು ಪತ್ರ ಮಾತ್ರ ಪಡೆದರು. ಕ್ರೈಸ್ತ ಸಭೆ ಅವರನ್ನು ಬಲಿ ಕೊಟ್ಟವರಿಗಿಂತ ಹಗುರಾಗಿ ಕಂಡರೂ ವಿಶ್ವಾಸದಿಂದ ಬಿದ್ದವರೆಂದೇ ಎಣಿಸಿತು. ಮತ್ತೆ ಅದೇ, ಸಹಿಯ ಪ್ರಶ್ನೆ.

ಬೆದರಿಕೆ ಬಂದಾಗ ಶಿಷ್ಯರು ಬೇಡಿದ್ದು ಏನು ಎಂದು ಅಪೊಸ್ತಲರ ಕೃತ್ಯಗಳು 4:29ರಲ್ಲಿ ನೋಡಿ. ಬೆದರಿಕೆ ನಿಲ್ಲಲಿ ಎಂದು ಕೇಳಲಿಲ್ಲ, ‘ಪಾರ್ರೇಸಿಯ’ ಕೇಳಿದರು. ಅಥೆನ್ಸಿನಲ್ಲಿ ಅದು ಸಭೆಯಲ್ಲಿ ಮುಚ್ಚುಮರೆಯಿಲ್ಲದೆ ಮಾತಾಡುವ ನಾಗರಿಕನ ಹಕ್ಕಿನ ಹೆಸರು.

ಆಯುಧಪೂಜೆಯ ತಟ್ಟೆ

ಆಫೀಸಿನಲ್ಲಿ ಸಹೋದ್ಯೋಗಿ ಪುರಿ, ಸ್ವೀಟು ಇಟ್ಟ ತಟ್ಟೆ ಹಿಡಿದು ‘ಪೂಜೆದು, ತಗೊಳ್ಳಿ’ ಎನ್ನುತ್ತಾರೆ. 1 ಕೊರಿಂಥ 10:25-29ರ ಕ್ರಮ ಇಲ್ಲಿ ನೇರವಾಗಿ ಕೂರುತ್ತದೆ. ಅಂಗಡಿಯಲ್ಲಿ ಮಾರುವುದನ್ನು ವಿಚಾರಿಸದೆ ತಿನ್ನಿ. ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಿಸದೆ ತಿನ್ನಿ. ಇದು ನೈವೇದ್ಯದ್ದು ಎಂದು ಒಬ್ಬರು ಹೇಳಿದರೆ ತಿನ್ನಬೇಡಿ, ಹೇಳಿದವರ ಮನಸ್ಸಾಕ್ಷಿಯ ಸಲುವಾಗಿ. ತಿಂಡಿ ಬದಲಾಗಿಲ್ಲ, ಒಬ್ಬರು ಹೇಳಿದ್ದರಿಂದ ಅದು ಅರಿಕೆಯ ಸಮಯವಾಯಿತು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ‘ಶುಗರ್ ಇದೆ ಮೇಡಂ’ ಎನ್ನುವುದು. ಅದು ಪೇತ್ರನ ಮೊದಲ ಮೆಟ್ಟಿಲು. ಎರಡನೆಯ ತಪ್ಪು ಮುಖ ಸಿಂಡರಿಸಿ ತಟ್ಟೆ ಸರಿಸುವುದು. ಉತ್ತರ ಸೌಮ್ಯವಾಗಿ, ಗೌರವದಿಂದ ಇರಲಿ ಎಂದು 1 ಪೇತ್ರ 3:15-16 ಷರತ್ತು ಹಾಕಿದೆ. ಬರೆದವನೂ ಅದೇ ಪೇತ್ರ ಎಂಬುದು ಪರಂಪರೆ. ಹೇಳಬಹುದಾದ ಮಾತು: ‘ಹಬ್ಬದ ಶುಭಾಶಯ ಮೇಡಂ. ನಾನು ಕ್ರೈಸ್ತ, ನೈವೇದ್ಯ ತಗೊಳ್ಳಲ್ಲ, ಬೇಜಾರು ಮಾಡ್ಕೋಬೇಡಿ.’ ನಾಲ್ಕು ತುಂಡುಗಳೂ ಇದೇ ಕ್ರಮದಲ್ಲಿ ಬರಲಿ. ಮಧ್ಯದ ‘ನಾನು ಕ್ರೈಸ್ತ’ ಬಿಟ್ಟುಹೋದರೆ ಅವರ ಕಿವಿಗೆ ಉಳಿಯುವುದು ಬರೀ ‘ಬೇಡ’.