ನೆರೆ ಬರುವ ಮುಂಚೆ ಕಟ್ಟಿಡಬೇಕಾದ ಗುಳಿಗೆ ಚೀಲ

ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳಲ್ಲಿ ‘ಹೊಳಿ ಬಂತು’ ಅಂದರೆ ಏನು ಮಾಡಬೇಕು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ದನ ಬಿಚ್ಚಬೇಕು, ಕಾಳಿನ ಚೀಲ ಮೇಲಕ್ಕೆ ಏರಿಸಬೇಕು, ಮಕ್ಕಳು ಮುದುಕರನ್ನು ಕರೆದುಕೊಂಡು ಎತ್ತರದ ಜಾಗಕ್ಕೆ ಹೋಗಬೇಕು. 2019ರ ಆಗಸ್ಟ್‌ನಲ್ಲಿ ಗೋಕಾಕ, ರಾಮದುರ್ಗ, ಮುಧೋಳ, ಬಾದಾಮಿ ಕಡೆ ನೀರು ನುಗ್ಗಿದಾಗಲೂ ಜನ ಇದನ್ನೇ ಮಾಡಿದರು. ಆದರೆ ನಿರಾಶ್ರಿತರ ಕೇಂದ್ರದಲ್ಲಿ ಕೂರುವ ನನ್ನಂಥ ವೈದ್ಯರ ಮುಂದೆ ಬೇರೆಯೇ ಒಂದು ಸಾಲು ನಿಲ್ಲುತ್ತದೆ. ಗಾಯ, ಭೇದಿ, ಜ್ವರ ಇದ್ದೇ ಇರುತ್ತವೆ. ಅವುಗಳ ಜೊತೆಗೆ ಬಿಪಿ, ಶುಗರ್, ಫಿಟ್ಸ್, ಉಬ್ಬಸ ಇರುವವರು ಬರುತ್ತಾರೆ. ಅವರಲ್ಲಿ ಬಹಳಷ್ಟು ಜನರ ಮಾತು ಒಂದೇ: ‘ಗುಳಗಿ ಮನ್ಯಾಗ ಉಳದಾವ್ರೀ.’

‘ಯಾವ ಗುಳಗಿ ತೊಗೋತಿದ್ರಿ ಅಜ್ಜಿ?’ ಅಂತ ಕೇಳಿದರೆ, ‘ಮುಂಜಾನಿ ಒಂದ್ ಬಿಳೇದು, ರಾತ್ರಿ ಒಂದ್ ಸಣ್ಣದು’ ಅನ್ನುತ್ತಾರೆ. ಶುಗರ್ ಮಾತ್ರೆಯೂ ಬಿಳಿ, ಬಿಪಿ ಮಾತ್ರೆಯೂ ಬಿಳಿ. ಕೆಲವರ ಸೆರಗಿನ ಗಂಟಿನಲ್ಲಿ ಅರ್ಧ ಸ್ಟ್ರಿಪ್ ಸಿಗುತ್ತದೆ. ಆದರೆ ಹೆಸರು ಅಚ್ಚಾಗಿದ್ದ ತುದಿಯನ್ನೇ ಯಾವಾಗಲೋ ಕತ್ತರಿಸಿ ಎಸೆದಿರುತ್ತಾರೆ. ಆಗ ಬಿಪಿ ನೋಡಿ, ಬೆರಳು ಚುಚ್ಚಿ, ಚಿಕಿತ್ಸೆಯನ್ನು ಮೊದಲಿಂದ ಶುರು ಮಾಡಬೇಕು. ಎಷ್ಟೋ ತಿಂಗಳು ಹದ ನೋಡಿ ಕೂಡಿಸಿದ ಡೋಸ್ ಒಂದೇ ರಾತ್ರಿಗೆ ಕೈತಪ್ಪಿ ಹೋಗಿರುತ್ತದೆ.

ಎಲ್ಲ ಮಾತ್ರೆಗೂ ಒಂದೇ ಅವಸರ ಇಲ್ಲ. ಥೈರಾಯ್ಡ್ ಮಾತ್ರೆ ಎರಡು ದಿನ ತಪ್ಪಿದರೆ ಸಾಮಾನ್ಯವಾಗಿ ದೊಡ್ಡ ತೊಂದರೆ ಆಗುವುದಿಲ್ಲ. ಫಿಟ್ಸ್ ಮಾತ್ರೆ ಹಾಗಲ್ಲ. ಅದು ದಿಢೀರ್ ನಿಂತರೆ ಒಂದರ ಹಿಂದೆ ಒಂದು ಫಿಟ್ಸ್ ಬರಬಹುದು. ಹೃದಯದ ರಕ್ತನಾಳ ತೆರೆದಿಡಲು ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ನುಂಗುವ ಮಾತ್ರೆಯನ್ನು ತಾವಾಗಿ ಬಿಡಲೇಬಾರದು. ಟೈಪ್ 1 ಶುಗರ್, ಅಂದರೆ ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಬಗೆಯ ಶುಗರ್ ಇರುವ ಮಗುವಿಗೆ ಒಂದು ದಿನ ಇನ್ಸುಲಿನ್ ಇಲ್ಲದಿದ್ದರೂ ಜೀವಕ್ಕೆ ಕುತ್ತು. ಇನ್ನು ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುವವರು ನಾಲ್ಕು ಜನರ ಎದುರು ಕೇಳಲು ಸಂಕೋಚಪಟ್ಟು ಸುಮ್ನೆ ಇದ್ದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡಾಕ್ಟರನ್ನೋ ನರ್ಸನ್ನೋ ಪಕ್ಕಕ್ಕೆ ಕರೆದು ಹೇಳಿ, ಸಾಕು.

ಅದಕ್ಕೇ ನಾನು ಹೊಳೆ ದಂಡೆಯ ಪ್ರತಿ ಮನೆಗೂ ಹೇಳುವುದು ಇದು. ಮುಂಗಾರಿಗೆ ಬೀಜ ತರುವ ಹೊತ್ತಿಗೆ ಗುಳಿಗೆ ಚೀಲವನ್ನೂ ಕಟ್ಟಿಡಿ. ಜಿಪ್ ಇರುವ ಗಟ್ಟಿ ಪ್ಲಾಸ್ಟಿಕ್ ಕವರ್ ಸಾಕು. ಅದರಲ್ಲಿ ಹದಿನೈದು ದಿನಕ್ಕಾಗುವ ಮಾತ್ರೆ ಇರಲಿ, ಕತ್ತರಿಸದ ಸ್ಟ್ರಿಪ್‌ನಲ್ಲೇ ಇರಲಿ. ಹೊಸ ಮಾತ್ರೆ ತಂದಾಗ ಚೀಲದಲ್ಲಿದ್ದುದನ್ನು ಬಳಸಲು ತೆಗೆದು, ಹೊಸದನ್ನು ಚೀಲಕ್ಕೆ ಹಾಕಿ. ಆಗ ಅವಧಿ ಮೀರುವ ಚಿಂತೆಯೇ ಇಲ್ಲ. ಡಾಕ್ಟರ ಚೀಟಿಯ ಒಂದು ಝೆರಾಕ್ಸ್ ಒಳಗಿಡಿ. ಅದರ ಫೋಟೋ ತೆಗೆದು ಬೇರೆ ಊರಲ್ಲಿರುವ ಮಗಳಿಗೋ ತಮ್ಮನಿಗೋ ವಾಟ್ಸಾಪ್ ಮಾಡಿ, ನಿಮ್ಮ ಫೋನ್ ನೀರುಪಾಲಾದರೂ ಚೀಟಿ ಉಳಿಯುತ್ತದೆ. ಇನ್ಹೇಲರ್, ಕನ್ನಡಕ, ಗರ್ಭಿಣಿಯ ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಎಲ್ಲಕ್ಕೂ ಇದೇ ಚೀಲ. ಬಾಗಿಲ ಹತ್ತಿರದ ಗೂಟಕ್ಕೆ ತೂಗು ಹಾಕಿ, ಹೊರಡುವಾಗ ಅದನ್ನು ಯಾರು ಎತ್ತಿಕೊಳ್ಳಬೇಕು ಅಂತ ಈಗಲೇ ಹೆಸರು ಹೇಳಿಡಿ. ಗಡಿಬಿಡಿಯಲ್ಲಿ ಸೊಸೆ ತಂದಾಳು ಅಂತ ಅತ್ತೆ, ಅತ್ತೆ ಹತ್ರ ಇರಬೇಕು ಅಂತ ಸೊಸೆ, ಹೀಗೇ ಚೀಲ ಗೂಟದಲ್ಲೇ ಉಳಿಯುತ್ತದೆ.

ಇನ್ಸುಲಿನ್ ಬಗ್ಗೆ ಜನರಿಗೆ ಭಯ ಜಾಸ್ತಿ. ಫ್ರಿಜ್ ಇಲ್ಲದಿದ್ದರೆ ಕೆಟ್ಟೇ ಹೋಯ್ತು ಅಂತ ಎಸೆದುಬಿಡುತ್ತಾರೆ. ಬಳಸುತ್ತಿರುವ ಬಾಟಲಿಯನ್ನು ತಂಪಾದ ನೆರಳಲ್ಲಿ ಇಟ್ಟರೆ ಹೆಚ್ಚಿನ ಬಗೆಯ ಇನ್ಸುಲಿನ್ ಸುಮಾರು ನಾಲ್ಕು ವಾರ ನಡೆಯುತ್ತದೆ. ಒಂದು ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಬಾಟಲಿಯನ್ನು ಕವರಿನಲ್ಲಿ ಸುತ್ತಿ ಒಳಗಿಡಿ. ಮರಳು ಒಣಗದಂತೆ ನೋಡಿಕೊಳ್ಳಿ. ನೇರವಾಗಿ ಐಸ್ ಮೇಲೆ ಮಾತ್ರ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು.

ಇನ್ನೊಂದು ಮಾತು. ಕೇಂದ್ರದಲ್ಲಿ ಊಟ ಮನೆಯ ಹೊತ್ತಿಗೆ ಸಿಗುವುದಿಲ್ಲ. ಊಟಕ್ಕೆ ಮುಂಚೆ ತಗೊಳ್ಳುವ ಇನ್ಸುಲಿನ್ ಇದ್ದರೆ, ತಟ್ಟೆ ಎದುರಿಗೆ ಬಂದ ಮೇಲೆಯೇ ಚುಚ್ಚಿಕೊಳ್ಳಿ. ಮೈ ಬೆವರಿ ಕೈ ನಡುಗಿದರೆ ತಡ ಮಾಡದೆ ಸಕ್ಕರೆಯನ್ನೋ ಬೆಲ್ಲವನ್ನೋ ಬಾಯಿಗೆ ಹಾಕಿಕೊಳ್ಳಿ. ಚೀಲದಲ್ಲಿ ಒಂದು ಪೊಟ್ಟಣ ಅದೂ ಇರಲಿ.

ಕೆಲವರು ನೀರು ಬರುವ ತನಕ ಕಾಯಲೇಬಾರದು. ದಿನ ತುಂಬಿದ ಗರ್ಭಿಣಿ, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಆಕ್ಸಿಜನ್ ಮೇಲೆ ಇರುವವರು ಮೊದಲ ಡಂಗುರಕ್ಕೇ ಆಸ್ಪತ್ರೆ ಇರುವ ಊರಿನ ನೆಂಟರ ಮನೆ ಸೇರಲಿ. ಸೇತುವೆ ಮುಳುಗಿದ ಮೇಲೆ 108ಕ್ಕೆ ಫೋನ್ ಹೋದರೂ ಆಂಬುಲೆನ್ಸ್ ಆಚೆ ದಡದಲ್ಲೇ ನಿಲ್ಲಬೇಕಾಗುತ್ತದೆ.

ಕುಡಿಯುವ ನೀರನ್ನು ಕುದಿಸಿ. ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಸಮಮಟ್ಟಕ್ಕೆ ಅಳೆದು ಹಾಕಿ. ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ. ಕಚ್ಚಿಸಿಕೊಂಡವರನ್ನು ನಡೆಸದೆ, ಕೈಕಾಲು ಅಲುಗಿಸದೆ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನೀರಿಳಿದು ಮನೆಗೆ ಮರಳಿದಾಗ ಒಂದು ವಿಷಯ ಗಮನದಲ್ಲಿರಲಿ. 2018ರ ನೆರೆಯ ನಂತರ ಕೇರಳದಲ್ಲಿ ಇಲಿ ಜ್ವರ ಹಬ್ಬಿತು. ಇಲಿಯ ಮೂತ್ರ ಸೇರಿದ ನೀರು, ಕೆಸರು ಕಾಲಿನ ಸಣ್ಣ ಗಾಯದಿಂದಲೂ ರೋಗ ತರುತ್ತದೆ. ಕೆಸರು ಬಳಿದು ತೆಗೆಯುವಾಗ ಗಮ್‌ಬೂಟು, ಕೈಗವಸು ಹಾಕಿ. ರೋಗ ಬಾರದಂತೆ ತಡೆಯಲು ಮಾತ್ರೆ ಇದೆ, ಆದರೆ ಅಂಗಡಿಯಿಂದ ನೀವೇ ತಂದು ನುಂಗಬೇಡಿ, ಆರೋಗ್ಯ ಕೇಂದ್ರದಲ್ಲಿ ಕೇಳಿ ತಗೊಳ್ಳಿ. ಎರಡು ಮೂರು ವಾರದೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ‘ನೆರೆ ನೀರಲ್ಲಿ ಓಡಾಡಿದ್ದೆ’ ಅನ್ನುವುದನ್ನು ಡಾಕ್ಟರು ಕೇಳುವ ಮುಂಚೆ ನೀವೇ ಹೇಳಿ.